ಗಾಜಿನೊಳಗೆ ಎರಡು ದಾರಿ

ಯಾದಗಿರಿಯ ಆ ಕೋಣೆಯಲ್ಲಿ ಬೆಳಕು ಒಂದು ದಾರಿ ಬಿಟ್ಟು ಇನ್ನೊಂದಕ್ಕೆ ಹೋದದ್ದನ್ನು ನಾನು ನಿಜವಾಗಿ ಕಂಡೆನೋ, ಮಹಾದೇವಿ ಮೇಡಂ ಅಷ್ಟು ಸಲ ವರ್ಣಿಸಿದ್ದರಿಂದ ಕಂಡಂತೆ ಅನಿಸಿದೆಯೋ, ಖಾತ್ರಿಯಿಂದ ಹೇಳಲಾರೆ. ಅವರು ಉಟ್ಟ ಸೀರೆಯ ಬಣ್ಣ ಕೂಡ ನೆನಪಿನಲ್ಲಿ ಸಲಕ್ಕೊಂದು ಥರ ಬರುತ್ತದೆ.

ಶಹಾಪುರದ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ರಸಾಯನಶಾಸ್ತ್ರ. ಅವರ ಮನೆ ಸಗರದಲ್ಲಿ. ಬೆರಳುದ್ದದ ಒಂದು ಗಾಜಿನ ಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ಕುಂಕುಮದ ಭರಣಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಡಾಕ್ಟರೇಟಿಗಾಗಿ ವರ್ಷಗಟ್ಟಲೆ ದುಡಿದು ಮಾಡಿದ ಪಟ್ಟಿ ಅದು. ಅದರೊಳಗೆ ಕೂದಲಿಗಿಂತ ಸಣ್ಣ ಎರಡು ದಾರಿಗಳು ಹತ್ತಿರ ಬಂದು, ಅಗಲಿ, ಮತ್ತೆ ಹತ್ತಿರ ಬರುತ್ತಿದ್ದವು. ನಡುವೆ ಒಂದಕ್ಕೆ ಮಾತ್ರ ತಕ್ಕಷ್ಟು ಕಾವು ಕೊಟ್ಟರೆ, ಎಡಕ್ಕೆ ಹೊರಬೀಳುವ ಬೆಳಕು ಬಲಕ್ಕೆ ಬೀಳಬೇಕು.

ಕಾಲುವೆಯ ಗೇಟಿನ ಹಾಗೇ ಅಲ್ಲವೇ ಎಂದೆ ಒಮ್ಮೆ. ಅವರಿಗೆ ಆ ಹೋಲಿಕೆ ಸೇರಲಿಲ್ಲ.

"ನೀರು ಒಡ್ಡು ಒಡದು ದಾಟ್ತದ್ರಿ. ಇಲ್ಲಿ ಒಡ್ಡು ಇದ್ದಂಗೇ ಇರ್ತದ, ಬೆಳಕು ಆಚಿ ಹೋಗಿರ್ತದ. ಶಕ್ ಮಾಡೂದು ನಿಮ್ಮ ಧಂದಾ, ಮಾಡ್ರಿ." ನನ್ನ ಅನುಮಾನಗಳಿಗೆ ಅವರದು ಯಾವಾಗಲೂ ಇದೇ ಉತ್ತರ.

ಅವರ ತಲೆನೋವು ಬೇರೆಯೇ ಇತ್ತು. ದಾರಿಗಳನ್ನು ದೂರ ಇಟ್ಟರೆ ಒಂದರ ಕಾವು ಇನ್ನೊಂದಕ್ಕೆ ತಗಲುವುದಿಲ್ಲ. ಆದರೆ ತಿರುವು ಕಡಿದಾಗಿ ಬೆಳಕು ಹೊರಚೆಲ್ಲುತ್ತದೆ. ತಿರುವನ್ನು ನಿಧಾನ ಮಾಡಿದರೆ ದಾರಿ ಉದ್ದವಾಗಿ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ಕೊನೆಗೆ, ಒಂದರ ಬೆಳಕು ಇನ್ನೊಂದಕ್ಕೆ ತುಸು ಸೋರಿದರೂ ಸರಿಯೆಂದು ದಾರಿಗಳನ್ನು ಹತ್ತಿರವೇ ಇಟ್ಟು, ಹೆಚ್ಚು ಕಾವು ಕೊಡಲು ತೀರ್ಮಾನಿಸಿದರು. "ಎಲ್ಲಾ ಒಮ್ಮಿಗೇ ಸಿಗಂಗಿಲ್ರಿ. ಬೆಳಕು ಉಳಸಬೇಕಂದ್ರ ಬಿಸಿ ಖರ್ಚು ಮಾಡಬೇಕು."

ಎಷ್ಟು ಕಾವು ಎಂಬುದನ್ನು ಮನೆಯಲ್ಲೇ, ಸಂಜೆ ಹೊತ್ತು ಗೊತ್ತುಮಾಡಿ, ತಂತಿಗಳನ್ನು ಕದಲದಂತೆ ಬೆಸುಗೆ ಹಾಕಿಬಿಟ್ಟರು.

ಅವರ ಮಾರ್ಗದರ್ಶಕರು ರೈಲಿನಲ್ಲಿ ಹೋಗುವಾಗ ಯಾದಗಿರಿಯಲ್ಲಿ ಇಳಿದು ನೋಡುವುದೆಂದಾಯಿತು. ಅವರು ಹೂಂ ಅಂದರಷ್ಟೇ ಪ್ರಬಂಧ ಸಲ್ಲಿಸಬಹುದು. ಅಲ್ಲಿನ ಕಾಲೇಜಿನಲ್ಲಿ ಮೇಡಂ ಕಿಟಕಿ ಮುಚ್ಚಿ, ಕೆಂಪು ಲೇಸರ್ ಹಚ್ಚಿ, ಕಾವು ಕೊಟ್ಟರು. ಗೋಡೆಯ ಮೇಲೆ ಎಡಕ್ಕೂ ಬಲಕ್ಕೂ ಒಂದೊಂದು ಚುಕ್ಕೆ ಬಿತ್ತು. ಮಾರ್ಗದರ್ಶಕರು ಗಡಿಯಾರ ನೋಡಿಕೊಂಡರು.

ಮೇಡಂ ಕೆಲಹೊತ್ತು ಗೋಡೆಯನ್ನೇ ನೋಡಿ ನಕ್ಕುಬಿಟ್ಟರು. "ಇಲ್ಲಿ ಯಾರೂ ಮೋಟರ್ ಹಚ್ಚಿಲ್ರಿ ಸರ್."

ಸಗರದಲ್ಲಿ ಕಾಲುವೆಗೆ ನೀರು ಬಿಟ್ಟಾಗ ಎಲ್ಲರ ಪಂಪು ಒಟ್ಟಿಗೇ ಓಡಿ ಕರೆಂಟು ಸೊರಗುತ್ತಿತ್ತು. ಆ ಸೊರಗಿದ ಕರೆಂಟಿಗೆ ಅವರು ಕಾವು ಹೊಂದಿಸಿದ್ದರು. ಯಾದಗಿರಿಯ ಪೂರ್ತಿ ಕರೆಂಟಿಗೆ ಕಾವು ಮಿತಿಮೀರಿ, ಬಲಕ್ಕೆ ಹೋದ ಬೆಳಕು ಮತ್ತೆ ಎಡಕ್ಕೆ ಮರಳತೊಡಗಿತ್ತು. ಒಂದು ದೊಡ್ಡ ಬಲ್ಬು ತರಿಸಿ, ಕರೆಂಟು ಅದನ್ನು ಹಾದು ಸೊರಗಿ ಬರುವಂತೆ ಜೋಡಿಸಿದರು. ಬಲ್ಬು ಮಂಕಾಗಿ ಉರಿಯಿತು. ಎಡಗಡೆಯ ಚುಕ್ಕೆ ಮೆಲ್ಲಗೆ ಕರಗಿತು, ಬಲಗಡೆಯದು ತುಂಬಿಕೊಂಡಿತು. ಗಾಜಿನಲ್ಲಿ ಏನೂ ಅಲುಗಿರಲಿಲ್ಲ.

ಎಡಗಡೆ ಪೂರ್ತಿ ಕತ್ತಲೆ ಎಂದು ಬರೆಯಿರಿ, ಅಷ್ಟಾದರೆ ಸಾಕು ಎಂದರು ಮಾರ್ಗದರ್ಶಕರು.

"ಇಲ್ರಿ ಸರ್, ಇನ್ನಾ ಸೋರಾಕತ್ತದ."

ಮಾರ್ಗದರ್ಶಕರು ಬಾಗಿ ನೋಡಿದರು, ನಾನೂ ನೋಡಿದೆ. ಇಬ್ಬರಿಗೂ ಏನೂ ಕಾಣಲಿಲ್ಲ. ಅವರು ಅದನ್ನೇ ಹೇಳಿದರು.

"ಕಾಣವಲ್ದು ಅಂದ್ರ ಇಲ್ಲ ಅಂತಲ್ರಿ. ದಾರಿ ಹತ್ರ ಇಟ್ಟಾಕಿ ನಾನೇ, ಸೋರೂದು ನನಗ ಗೊತ್ತದ. ಕತ್ತಲಿ ಅಂತ ಬರಿಯಂಗಿಲ್ಲ."

ಹೂಂ ಎಂಬ ಒಂದು ಮಾತಿಗಾಗಿ ವರ್ಷಗಟ್ಟಲೆ ಕಾದವರು ಹೀಗೆಂದರು. ಮಾರ್ಗದರ್ಶಕರು ಚೀಲ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, ಸೋರುತ್ತದೆ ಎಂದೇ ಬರೆದು ಕಳಿಸಿ ಎಂದರು.

ಮೇಡಂಗೆ ಡಾಕ್ಟರೇಟ್ ಬಂತು. ಮುಂದೆ ಸುರಪುರಕ್ಕೆ ವರ್ಗವಾದರು. ಹೋಗುವಾಗ ಭರಣಿಯನ್ನು ನನ್ನ ಕೈಗಿತ್ತು, ಶಕ್ ಇದ್ದರೆ ನೋಡಿಕೊಳ್ಳಿ ಎಂದರು. ನೋಡುವೆನೆಂದು ವರ್ಷಗಳನ್ನೇ ಕಳೆದೆ. ಅವರು ತೀರಿಕೊಂಡ ಸುದ್ದಿ ಬಂದ ವಾರ ಕಿಟಕಿ ಮುಚ್ಚಿ, ಅದೇ ರೀತಿ ಬಲ್ಬು ಜೋಡಿಸಿ, ಬಲಗಡೆಯ ಚುಕ್ಕೆಗೆ ಕರಿ ಕಾಗದ ಅಡ್ಡ ಹಿಡಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದೆ.

ಎಡಗಡೆ ಬೆಳಕಿತ್ತು.