ಕೊಚ್ಚಿಯಲ್ಲಿ ಕಾದಿದ್ದ ಕಾರು

ಇಂಥದ್ದನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದವಳು ನಾನು. ನೀವೂ ನಗಬಹುದು, ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಗಂಡ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿದ್ದರು. ನಾನು ಬೆಂಗಳೂರಿಗೆ ಬಂದಿದ್ದಾಗ ಅವರಿಗೆ ಎದೆನೋವು ಕಾಣಿಸಿಕೊಂಡು, ಮರುದಿನ ಸಂಜೆಗೇ ಶಸ್ತ್ರಚಿಕಿತ್ಸೆ ಎಂದಾಯಿತು. ಬೆಳಗಿನ ವಿಮಾನ ಹಿಡಿದೆ. ತಿರುವನಂತಪುರದಲ್ಲಿ ಜಡಿಮಳೆ. ರನ್‌ವೇ ಕಾಣದೆ ವಿಮಾನ ಮೇಲೆಯೇ ಸುತ್ತು ಹೊಡೆದು, ಕೊನೆಗೆ ಕೊಚ್ಚಿಯಲ್ಲಿ ಇಳಿಯಿತು. ಮತ್ತೆ ಯಾವಾಗ ಹೊರಡುತ್ತದೋ ಯಾರಿಗೂ ಗೊತ್ತಿಲ್ಲ. ಬೇಕಾದವರು ಇಳಿಯಬಹುದು ಎಂದರು. ಇಳಿದುಬಿಟ್ಟೆ.

ಹೊರಬಾಗಿಲಲ್ಲಿ ಬೋರ್ಡು ಹಿಡಿದು ನಿಂತ ಚಾಲಕರ ನಡುವೆ ಒಬ್ಬನ ಕೈಯಲ್ಲಿ ನನ್ನ ಹೆಸರಿತ್ತು. ಬರೀ ಸುಮನಾ ಅಲ್ಲ, ‘ಸುಮನಾ, ಪೆರ್ಲ’. ಪೆರ್ಲ ಕಾಸರಗೋಡಿನ ನನ್ನ ತವರು.

“ಯಾರು ಕಳಿಸಿದ್ದು?” ಮಲಯಾಳಂನಲ್ಲೇ ಕೇಳಿದೆ.

“ಬುಕಿಂಗ್ ಉಂಟಲ್ಲ ಚೇಚೀ, ಬೆಳಿಗ್ಗೆಯೇ ಬಂತು. ತಿರುವನಂತಪುರಕ್ಕೆ.” ಅಕ್ಕಾ ಎನ್ನುವಂತೆ ಚೇಚೀ ಎಂದೇ ಕರೆದ.

ಬೆಳಿಗ್ಗೆ ನಾನಿನ್ನೂ ಬೆಂಗಳೂರಿನಲ್ಲಿದ್ದೆ. ವಿಮಾನ ಕೊಚ್ಚಿಗೆ ಬರುತ್ತದೆಂದು ಪೈಲಟ್‌ಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದ ಮೈದುನನಿಗೆ ಫೋನ್ ಮಾಡಿದೆ.

“ನಾನು ಎಂತದ್ದೂ ಬುಕ್ ಮಾಡ್ಲಿಲ್ಲ ಅತ್ತಿಗೆ. ಹತ್ಬೇಡಿ. ಎಂತ ಜನವೋ ಏನೋ!”

ನಿಲ್ದಾಣದ ಟ್ಯಾಕ್ಸಿಗೆ ಉದ್ದನೆಯ ಸಾಲು. ಮೈದುನನಿಗೆ ಕಾರಿನ ನಂಬರ್ ಕಳಿಸಿ, ದೇವರ ಮೇಲೆ ಭಾರ ಹಾಕಿ ಹತ್ತಿದೆ.

ಆಲುವ ಪೇಟೆ ದಾಟುವವರೆಗೂ ಬಾಗಿಲ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ಅವನು ಕನ್ನಡಿಯಲ್ಲಿ ನೋಡಿದರೆ ಅನುಮಾನ, ನೋಡದಿದ್ದರೆ ಇನ್ನೂ ಅನುಮಾನ. ದಾರಿಯಲ್ಲಿ ಅವನು ತಂದುಕೊಟ್ಟ ಚಹಾ ಕುಡಿಯಲಿಲ್ಲ. ನಾನು ಆಸ್ಪತ್ರೆಯ ಹೆಸರು ಹೇಳುವ ಮೊದಲೇ ಕಾರು ಅದರ ಮುಂದೆಯೇ ಹೋಗಿ ನಿಂತಿತು.

“ಬುಕ್ ಮಾಡಿದವರು ಯಾರು, ನಿಜ ಹೇಳಿ,” ಎಂದೆ.

ಅವನು ಬೆರಗಾಗಿ ನನ್ನನ್ನೇ ನೋಡಿದ. “ನೀವೇ ಅಲ್ವಾ ಚೇಚೀ? ಇದೇ ಸ್ವರ. ಬೇಗ ಹೋಗ್ಬೇಕು ಅಂತ ಅಳ್ತಾ ಇದ್ರಿ.” ಫೋನ್ ತೆಗೆದು ತೋರಿಸಿದ. ಕರೆ ಬಂದದ್ದು ನನ್ನ ನಂಬರಿನಿಂದ. ಅಲ್ಲಿ ತೋರಿಸಿದ ಹೊತ್ತಿನಲ್ಲಿ ನನ್ನ ಫೋನು ಬೆಂಗಳೂರು ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಟ್ರೇಯಲ್ಲಿತ್ತು. ನಾನು ಈಚೆ ಬದಿಯಲ್ಲಿ ಅದಕ್ಕಾಗಿ ಕಾಯುತ್ತಿದ್ದೆ. ನನ್ನ ಫೋನಿನಲ್ಲಿ ಅಂಥ ಕರೆಯ ಗುರುತೂ ಇರಲಿಲ್ಲ.

ಗಂಡನನ್ನು ಒಳಗೆ ಕರೆದೊಯ್ಯುವ ಮುನ್ನ ಅವರ ಕೈ ಹಿಡಿಯಲು ಸಿಕ್ಕಿತು. ಅವರು ಉಳಿದರು. ಆ ವಿಮಾನ ಹೊರಟದ್ದು ಕತ್ತಲಾದ ಮೇಲೆ.

ಚಾಲಕ ಸುಳ್ಳು ಹೇಳಿದನೆಂದು ಈಗಲೂ ಅಂದುಕೊಳ್ಳಲು ನೋಡುತ್ತೇನೆ. ಆದರೆ ಆ ಬೆಳಿಗ್ಗೆ ನಾನು ಯಾರ ಎದುರೂ ಅತ್ತಿರಲಿಲ್ಲ. ಅಳು ಬಂದಿತ್ತು, ನುಂಗಿಕೊಂಡಿದ್ದೆ.