ಹಿಂದೆ ಉಳಿದ ಪಾದ್ರಿ

ಈಸ್ಟರ್ ಮುಂಜಾನೆ ಚರ್ಚಿನವರನ್ನು ನನ್ನ ಟೆಂಪೋದಲ್ಲಿ ಬಾದಾಮಿಗೆ ಕರೆದೊಯ್ಯುತ್ತಿದ್ದೆ. ಕುಳಗೇರಿ ಕ್ರಾಸ್ ಹತ್ತಿರ ಟೈರ್ ಒಡೆದು ಗಾಡಿ ನಿಂತಿತು. ಪ್ರಾರ್ಥನೆಗೆ ತಡವಾಯಿತೆಂದು ಎಲ್ಲರೂ ನನ್ನನ್ನು ಬೈದರು. ಅವರ ಪಾದ್ರಿ ಬೇರೆ ಗಾಡಿ ನಿಲ್ಲಿಸಿ ಎಲ್ಲರನ್ನೂ ಹತ್ತಿಸಿದರು, ತಾವು ಹತ್ತಲಿಲ್ಲ.

“ನೀವಿಲ್ದ ಪ್ರಾರ್ಥನಿ ಹೆಂಗ್ ನಡೀತದ್ರಿ? ಹೋಗ್ರಿ,” ಎಂದೆ.

“ಅವ್ರು ಶುರು ಮಾಡ್ತಾರ. ಒಂದು ಕುರಿ ಹಿಂದ ಉಳದ್ರ ಕುರುಬ ಮುಂದ ಹೋಗಂಗಿಲ್ಲಪ್ಪ.”

“ನಾ ಲಿಂಗಾಯತ್ರಾಂವ್ರಿ, ನಿಮ್ಮ ಕುರಿ ಅಲ್ರಿ.”

“ಇರ್ಲಿ, ಆ ಜಾಕ್ ಕೊಡು,” ಎಂದು ಬಿಳಿ ನಿಲುವಂಗಿಯಲ್ಲೇ ನೆಲಕ್ಕೆ ಕೂತರು.

ಟೈರ್ ಬದಲಿಸಿ ನಾವಿಬ್ಬರೂ ಬಾದಾಮಿಯ ಚರ್ಚ್ ಮುಟ್ಟಿದಾಗ ಪ್ರಾರ್ಥನೆ ಅರ್ಧ ಮುಗಿದಿತ್ತು. ಅವರು ಒಳಗೆ ಹೋದರು, ನಾನು ಹೊರಗೇ ನಿಂತೆ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವರ ಪಿಸುಮಾತು ಕೇಳಿತು: “ಮೊದ್ಲ ಆ ಡ್ರೈವರಗ ಚಹಾ ಕೊಡ್ರಿ.” ಮೈಕ್ ಚಾಲೂ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಬೈದವರೆಲ್ಲ ಒಂದೊಂದು ಕಪ್ ತಂದರು. ಒಲ್ಲೆ ಅನ್ನಲಾಗದೆ ಎಲ್ಲವನ್ನೂ ಕುಡಿದೆ.