ಬೀರಮ್ಮಜ್ಜಿ ಬಿಗಿದ ಸೀರೆ ಪಟ್ಟಿ

ನಮ್ ಕೆಸರೆ ಬೀರಮ್ಮಜ್ಜಿ ಗೊತ್ತಾ? ಗೊತ್ತಿಲ್ದಿದ್ರೆ ನಿಮ್ದೇ ನಷ್ಟ. ನಲವತ್ತು ವರ್ಷದಿಂದ ಬಾಣಂತೀರ್ಗೆ ನೀರು ಹಾಕಿ, ಹಳೇ ಸೀರೆ ಹರಿದು ಸೊಂಟ ಬಿಗಿಯೋರು. ಅವ್ರು ಸುತ್ತುದ್ರೆ ಎಂಥೋರೂ ನೆಟ್ಟಗೆ ಕೂರ್ಬೇಕು.

ಮೊಮ್ಮಗಳು ನಯನಾ ಮಾತ್ರ ಮೂರು ವರ್ಷ ಆದ್ರೂ ಕೂರ್ತಿರ್ಲಿಲ್ಲ. ಹುಟ್ಟಿಂದ್ಲೇ ಒಂದು ಜೀನ್ ಇಲ್ಲ, ನರ ಒಂದೊಂದೇ ಸಾಯ್ತವೆ. ಇದಕ್ಕೆ ಆಂಟಿಸೆನ್ಸ್ ಅಂತ ಔಷ್ದಿ ಐತೆ. ಆ ಜೀನಿಂದೇ ಇನ್ನೊಂದು ಡೂಪ್ಲಿಕೇಟ್ ಮೈಯಲ್ಲಿರುತ್ತೆ, ಆದ್ರೆ ಮೈ ಅದನ್ನ ಓದುವಾಗ ಒಂದು ತುಂಡು ಬುಟ್ಬುಡುತ್ತೆ. ಔಷ್ದಿ ಹೋಗಿ ಅಂಟ್ಕೊಂಡು ಪೂರ್ತಿ ಓದ್ಸುತ್ತೆ. ಸಖತ್ ಅಲ್ವಾ! ಆದ್ರೆ ಬೆನ್ನುಮೂಳೆಗೇ ಚುಚ್ಬೇಕು, ಜೀವ್ನ ಪೂರ್ತಿ. ಸತ್ತ ನರ ವಾಪಸ್ ಬರಲ್ಲ. ರೇಟು ಕೇಳುದ್ರೆ ತಲೆ ತಿರುಗುತ್ತೆ. ಕಂಪ್ನಿಯೋರು ಕೆಲವು ಮಕ್ಳಿಗೆ ಪುಕ್ಸಟ್ಟೆ ಕೊಡ್ತಾರೆ, ಮಗು ಸುಧಾರಿಸ್ತಿದ್ರೆ ಮಾತ್ರ.

ಸುಧಾರಿಸ್ತಾ ಅಂತ ಅಳೆಯೋನು ಡಾಕ್ಟ್ರು ವಾಗೀಶ. ಅಳೆಯೋದು ಅಂದ್ರೆ ಏನು ಮಹಾ, ಮಗು ಎಷ್ಟೊತ್ತು ಬೀಳ್ದೇ ಕೂರುತ್ತೆ ಅಂತ ಮೊಬೈಲ್ ನೋಡ್ತಾ ಒಂದು ಎರಡು ಎಣ್ಸೋದು. ಇಂಜೆಕ್ಷನ್ ಶುರುವಾಗೋಕೆ ಮುಂಚೆ ಮೊದಲ್ನೇ ಸಲ ಅಳೆಯೋವಾಗ ಅಜ್ಜಿ, ದೊಡ್ಡೋರ ಮುಂದೆ ಮಗೂನ ಮುದ್ದೆ ಥರ ಕೂರ್ಸೋದಾ ಅಂತ, ಫ್ರಾಕ್ ಒಳ್ಗೆ ಸೀರೆ ಪಟ್ಟಿ ಬಿಗಿದ್ಬುಟ್ಟಿದ್ರು. ಹತ್ತು ಎಣ್ಸೋವರ್ಗೂ ಕೂತ್ಲು. ಆ ಮಹಾನುಭಾವ ಫ್ರಾಕ್ ಎತ್ತೂ ನೋಡ್ಲಿಲ್ಲ, ಬರ್ಕೊಂಡ.

ನಾಲ್ಕು ಇಂಜೆಕ್ಷನ್ ಆದ್ಮೇಲೆ ನಯನಾ ಮನೇಲಿ ಏನೂ ಕಟ್ದೇನೇ ಕೂರೋಕೆ ಶುರು ಮಾಡಿದ್ಲು. ಅಜ್ಜಿ ಖುಷಿಯಾಗಿ ಈ ಸಲ ಪಟ್ಟಿ ಇಲ್ದೇ ಕರ್ಕೊಂಡೋದ್ರು. ಪಕ್ಕದ್ಮನೆಯೋಳು ನಾನೂ ಜೊತೇಲಿದ್ದೆ. ಮತ್ತೆ ಹತ್ತೇ!

“ಬದಲಾವಣೆ ಇಲ್ಲ. ಔಷಧಿ ನಿಲ್ಲಿಸ್ತೀವಿ,” ಅಂದ ವಾಗೀಶ.

ಅಜ್ಜಿ ಪಟ್ಟಿ ಕತೆ ಎಲ್ಲಾ ಹೇಳ್ಬುಟ್ರು.

“ಏನಮ್ಮ, ಮೋಸ ಮಾಡಿದ್ರಾ?”

“ಮಾಡ್ದೆ ಕಣಪ್ಪ, ಓದಿಲ್ದೋಳು. ಓದಿರೋ ನೀನು ಮಗು ಮೈ ಮುಟ್ಟದೇ ಎಂಗೆ ಬರ್ಕೊಂಡೆ? ಹೊಟ್ಟೆ ಮುಟ್ಟಿ ನೋಡ್ದೇ ನಾನು ಬಾಣಂತಿಗೆ ನೀರೂ ಉಯ್ಯಲ್ಲ.”

ನನ್ ಫೋನಲ್ಲಿ ನಯನಾ ಹುಟ್ಟಿದಬ್ಬದ ವಿಡಿಯೋ ಇತ್ತು, ಇಂಜೆಕ್ಷನ್‌ಗೆ ಮುಂಚಿಂದು. ಕೂರ್ಸಿದ್ ತಕ್ಷಣ ಕೇಕ್ ಮೇಲೇ ಬೀಳ್ತಾಳೆ. ಅವನ ಮೂಗಿಗೆ ಹಿಡ್ದೆ. ನೋಡ್ದ, ಕೆಮ್ಮುದ, ಕಂಪ್ನಿಗೆ ಕಾಗ್ದ ಬರ್ದ: “ಅಜ್ಜಿಯ ಮೋಸದಿಂದ ಮೊದಲ ಅಳತೆ ತಪ್ಪಾಗಿದೆ.” ತಾನು ನೋಡ್ದೇ ಬರ್ಕೊಂಡಿದ್ದು? ಒಂದಕ್ಷರ ಇಲ್ಲ! ಥೂ. ಕೆಳ್ಗೆ ಅಜ್ಜಿ ಸೈನೂ ಬೇಕಂತೆ.

“ಸೈನ್ ಹಾಕ್ಬೇಡಿ ಅಜ್ಜಿ,” ಅಂದೆ.

“ಸುಮ್ಕಿರೇ. ಕಳ್ಳಿ ಅಂತ ಬರ್ಕೊಳ್ಳಿ, ಮಗೀಗೆ ಔಷ್ದಿ ಬಂದ್ರೆ ಸಾಕು,” ಅಂತ ಗೀಚಿ, ಪೆನ್ನು ಅವನ ಕೈಗೆ ಕೊಡ್ದೆ ಮೇಜಿನ ಮೇಲೆ ಎಸೆದ್ರು.

ವಾರಕ್ಕೆ ಕಂಪ್ನಿ ಒಪ್ಕೊಂತು. ಐದನೇ ಇಂಜೆಕ್ಷನ್ ಮೊನ್ನೆ ಆಯ್ತು. ನಯನಾ ಬೆನ್ನು ನೋವು ಅಂತ ಎಲ್ಲಾರ್ನೂ ಬೈಕೊಂಡು ಮಲ್ಗವ್ಳೆ.